ಗುಡ್ಡದ ಮೇಲಿನ ಅಡ್ಡದಾರಿ

ನಮ್ಮ ಭಾಷೆಯಲ್ಲಿ ದಾರಿಗೆ ಹೆಸರುಗಳು ಹಲವು. ಹೆದ್ದಾರಿ, ಬಂಡಿದಾರಿ, ಕಾಲುದಾರಿ, ಓಣಿ, ಗದ್ದೆಯ ಹುಣಿ, ಹೀಗೆ. ಹತ್ತಿರದ ದಾರಿಯೊಂದಕ್ಕೇ ಮೂರು ಹೆಸರುಗಳಿರುವುದನ್ನು ಓದುಗರು ಗಮನಿಸಿರಬಹುದು. ಊರಿನವರೆಲ್ಲರೂ ಬಲ್ಲ, ತೋಟದ ಅಂಚಿನಲ್ಲೋ ಗುಡ್ಡದ ಬದಿಯಲ್ಲೋ ಹಾದು ಬೇಗ ಮನೆ ಮುಟ್ಟಿಸುವ ಹಾದಿ ಒಳದಾರಿ. ಇರುವ ದಾರಿಯನ್ನು ಬಿಟ್ಟು ತನಗೆ ತೋಚಿದ ಕಡೆ ನುಗ್ಗಿದರೆ ಅದು ಅಡ್ಡದಾರಿ. ಯಾರಿಗೂ ಕಾಣಬಾರದೆಂದು ಹಿಡಿದರೆ ಅದು ಕಳ್ಳದಾರಿ. ಮಗ ಕೆಟ್ಟನೆಂದು ಹೇಳುವಾಗ ನಮ್ಮ ಹಿರಿಯರು ‘ಅಡ್ಡದಾರಿ ಹಿಡಿದ’ ಎಂದರೇ ಹೊರತು ‘ಒಳದಾರಿ ಹಿಡಿದ’ ಎನ್ನಲಿಲ್ಲ. ಮೂರೂ ಉಳಿಸುವ ದೂರ ಒಂದೇ ಆಗಿರಬಹುದು. ಹಾಗಾದರೆ ಒಂದನ್ನು ಸಹಜವೆಂದೂ ಇನ್ನೊಂದನ್ನು ತಪ್ಪೆಂದೂ ಬೇರ್ಪಡಿಸುವುದು ಯಾವುದು? ಈ ಪ್ರಶ್ನೆಯನ್ನು ನಿಘಂಟಿನ ಮುಂದಿಡುವುದಕ್ಕಿಂತ ನಾವು ವಾಸಿಸುವ ಈ ಮಹಾನಗರದ ಬೆನ್ನಿಗಿರುವ ಗುಡ್ಡಗಳ ಮುಂದಿಟ್ಟು ನೋಡುವುದು ಲೇಸು.

ಮುಂಬಯಿಗೆ ಕಡಲಿರುವಂತೆ ಗುಡ್ಡವೂ ಇದೆ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಕಾಡು. ಒಂದು ಕಡೆ ಬೋರಿವಲಿ, ಇನ್ನೊಂದು ಕಡೆ ಮುಲುಂಡ್ ಮತ್ತು ಥಾಣೆ. ನಡುವೆ ಕನ್ಹೇರಿಯ ಗುಹೆಗಳು, 1860ರಲ್ಲಿ ಮುಗಿದ ವಿಹಾರ ಕೆರೆ, 1879ರ ತುಳಸಿ ಕೆರೆ. ಇಷ್ಟು ಜನಸಾಂದ್ರವಾದ ನಗರವೊಂದರ ಎಲ್ಲೆಯೊಳಗೆ ಇಷ್ಟು ದೊಡ್ಡ ಕಾಡು ಉಳಿದಿರುವುದೇ ಒಂದು ಭಾಗ್ಯ. ಭಾನುವಾರ ಬೆಳಗಾಯಿತೆಂದರೆ ನಡೆಯುವವರು, ಓಡುವವರು, ಮಕ್ಕಳನ್ನು ಕರೆತಂದವರು, ಬಾಡಿಗೆಯ ಸೈಕಲ್ ಹಿಡಿದವರು ಎಲ್ಲರೂ ಅಲ್ಲಿ ಸೇರುತ್ತಾರೆ. ಥಾಣೆಯ ಕಡೆಯಿಂದ ಯೇವೂರ್ ಗುಡ್ಡವನ್ನು ಏರುವ ಸೈಕಲ್ ಸವಾರರದೂ ಒಂದು ಬಳಗವಿದೆ. ಇನ್ನೂ ಉತ್ಸಾಹವುಳ್ಳವರು ನೇರಳ್‌ನಲ್ಲಿಳಿದು ಮಾಥೇರಾನ್ ಹತ್ತುತ್ತಾರೆ. ಕಿಷ್ಕಿಂಧೆಯಂಥ ಮನೆಗಳಲ್ಲಿ, ಗಿಜಿಗುಡುವ ಲೋಕಲ್ ಗಾಡಿಗಳಲ್ಲಿ ಆರು ದಿನ ಕಳೆದವರಿಗೆ ಏಳನೆಯ ದಿನದ ಈ ಗಾಳಿ ಔಷಧಿಗೆ ಸಮಾನ.

ಇಂಥ ಯಾವ ಗುಡ್ಡಕ್ಕೆ ಹೋದರೂ ಒಂದು ದೃಶ್ಯ ಮಾತ್ರ ಸಾಮಾನ್ಯ. ದಾರಿ ಗುಡ್ಡದ ಮೈಯನ್ನು ಬಳಸಿಕೊಂಡು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತ ನಿಧಾನವಾಗಿ ಏರುತ್ತದೆ. ಪ್ರತಿಯೊಂದು ತಿರುವಿನಲ್ಲೂ ಮೇಲಿನ ದಾರಿಯಿಂದ ಕೆಳಗಿನ ದಾರಿಗೆ ನೆಟ್ಟಗೆ ಇಳಿದುಬಂದ ಒಂದು ಬೋಳು ಗೀರು ಕಾಣಿಸುತ್ತದೆ. ಅಲ್ಲಿ ಹುಲ್ಲಿಲ್ಲ, ತರಗೆಲೆಯಿಲ್ಲ, ಮರದ ಬೇರುಗಳು ಮೇಲೆದ್ದಿವೆ. ಯಾರೂ ಕಡಿಯದೆ, ಯಾರ ಅಪ್ಪಣೆಯೂ ಇಲ್ಲದೆ ಹುಟ್ಟಿದ ದಾರಿ ಅದು. ಅದು ಉಳಿಸುವುದು ಮೂವತ್ತೋ ನಲವತ್ತೋ ಹೆಜ್ಜೆಗಳನ್ನು. ಮನೆಗೆ ಮರಳುವ ಅವಸರವಿಲ್ಲದ ದಿನವೂ, ನಡೆಯುವುದಕ್ಕೆಂದೇ ಬಂದ ಜನರೂ ಆ ನಲವತ್ತು ಹೆಜ್ಜೆಗಳನ್ನು ಉಳಿಸಲು ಹಾತೊರೆಯುವುದು ಒಂದು ಸೋಜಿಗ.

ಇದರಿಂದ ಆಗುವ ಹಾನಿ ಏನು ಎಂಬುದನ್ನು ಮೊದಲು ಸರಿಯಾಗಿ ತಿಳಿಯಬೇಕು. ಇಲ್ಲದಿದ್ದರೆ ನೀತಿಯ ಮಾತು ಬರಿಯ ಗೊಣಗಾಟವಾಗುತ್ತದೆ. ಮಣ್ಣನ್ನು ಹಿಡಿದಿಡುವುದು ಹುಲ್ಲು ಮತ್ತು ಬೇರು. ಪದೇ ಪದೇ ತುಳಿದಾಗ ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗಿ ನೀರನ್ನು ಒಳಗೆ ಬಿಟ್ಟುಕೊಳ್ಳದು. ಒಳಗಿಳಿಯದ ನೀರು ಮೇಲೆ ಹರಿಯಲೇಬೇಕು. ಗುಡ್ಡವನ್ನು ಬಳಸಿ ಸಾಗುವ ದಾರಿಗೆ ಮಳೆಯ ನೀರು ಬಂದರೆ ಅದು ದಾರಿಯನ್ನು ಅಡ್ಡಲಾಗಿ ದಾಟಿ ಕೆಳಗಿನ ಹುಲ್ಲಿನಲ್ಲಿ ಇಂಗಿಹೋಗುತ್ತದೆ. ನೆಟ್ಟಗೆ ಇಳಿಯುವ ಗೀರಿಗೆ ಬಂದ ನೀರಿಗೆ ಹೊರಹೋಗಲು ಜಾಗವಿಲ್ಲ. ಅದು ಆ ಗೀರಿನಲ್ಲೇ ಓಡುತ್ತದೆ, ಓಡುತ್ತ ವೇಗ ಪಡೆಯುತ್ತದೆ, ವೇಗ ಪಡೆದಂತೆ ಮಣ್ಣನ್ನೂ ಜಲ್ಲಿಯನ್ನೂ ಹೊತ್ತೊಯ್ಯುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ಪ್ರತಾಪ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಂದು ಮಳೆಗಾಲದ ಗೀರು ಕೆಲವು ಮಳೆಗಾಲಗಳಲ್ಲಿ ಕೊರಕಲಾಗುತ್ತದೆ. ಕೊರಕಲಿನಲ್ಲಿ ನಡೆಯಲಾಗದೆ ಜನ ಅದರ ಪಕ್ಕದಲ್ಲಿ ನಡೆಯತೊಡಗುತ್ತಾರೆ. ಅದೂ ಕೊರಕಲಾದ ಮೇಲೆ ಮತ್ತೊಂದು. ಕೊನೆಗೆ ಒಳ್ಳೆಯ ದಾರಿಯ ಅಂಚೇ ಕುಸಿದು, ಇರುವ ದಾರಿಯೂ ಹಾಳಾಗುತ್ತದೆ. ಕೊಚ್ಚಿಹೋದ ಮಣ್ಣಾದರೂ ಎಲ್ಲಿಗೆ ಹೋಗಬೇಕು? ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ತುಳಸಿ ಮತ್ತು ವಿಹಾರದ ನೀರನ್ನು ಮುಂಬಯಿ ಈಗಲೂ ಕುಡಿಯುತ್ತಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

ದಾರಿ ಏಕೆ ಬಳಸಿಕೊಂಡು ಹೋಗುತ್ತದೆ ಎಂಬುದಕ್ಕೆ ಮಾಥೇರಾನಿನ ಪುಟ್ಟ ರೈಲಿಗಿಂತ ಒಳ್ಳೆಯ ಪಾಠ ಬೇಕಿಲ್ಲ. 1907ರಲ್ಲಿ ಪೀರಭಾಯ್ ಮನೆತನದವರ ಹಣ ಮತ್ತು ಛಲದಿಂದ ಆರಂಭವಾದ ಆ ಎರಡಡಿ ಅಗಲದ ಹಳಿ ನೇರಳ್‌ನಿಂದ ಮಾಥೇರಾನಿಗೆ ಸುಮಾರು 21 ಕಿಲೋಮೀಟರ್ ಸುತ್ತುತ್ತದೆ. ರಸ್ತೆಯ ದೂರ ಅದರ ಸುಮಾರು ಅರ್ಧ. ಅತ್ಯಂತ ಕಡಿದಾದ ಕಡೆಯಲ್ಲೂ ಇಪ್ಪತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಮಾತ್ರ ಏರುವಂತೆ ಅದನ್ನು ಕಟ್ಟಿದ್ದಾರೆ. ಗುಡ್ಡದೊಡನೆ ಜಗಳವಾಡದೆ, ಅದರ ಮೈಯನ್ನು ಓದಿಕೊಂಡು ಏರುವ ವಿಧಾನ ಅದು. ಅಷ್ಟಾದರೂ 2005ರ ಜುಲೈ ತಿಂಗಳ ಮಳೆಗೆ ಆ ಹಳಿ ಹಲವು ಕಡೆ ಕೊಚ್ಚಿಹೋಗಿ, ರೈಲು ಮತ್ತೆ ಓಡಿದ್ದು 2007ರಲ್ಲಿ. ಇಷ್ಟು ಎಚ್ಚರದಿಂದ ಕಟ್ಟಿದ ದಾರಿಯ ಪಾಡೇ ಹೀಗಾದರೆ, ಎಚ್ಚರವೇ ಇಲ್ಲದೆ ಹುಟ್ಟಿದ ದಾರಿಯ ಗತಿ ಏನು!

ಈಚಿನ ವರ್ಷಗಳಲ್ಲಿ ಕಾಲಿನ ಜೊತೆಗೆ ಚಕ್ರವೂ ಗುಡ್ಡಕ್ಕೆ ಬಂದಿದೆ. ದಪ್ಪ ಟಯರಿನ ಗುಡ್ಡಗಾಡು ಸೈಕಲ್ ಇಂದು ನಮ್ಮ ಯುವಕರ ಅಚ್ಚುಮೆಚ್ಚಿನ ವಾಹನ. ಆ ಆಟ ರೂಪುಗೊಂಡದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟ್ ಟಮಾಲ್‌ಪೈಸ್ ಎಂಬ ಗುಡ್ಡದ ಮೇಲೆ. ಹಳೆಯ ಭಾರದ ಸೈಕಲ್‌ಗಳಲ್ಲಿ ಇಳಿಜಾರಿನಲ್ಲಿ ಧುಮುಕಿದ ಹುಡುಗರ ಸಾಹಸ ಕ್ರಮೇಣ ಲೋಕವನ್ನೇ ಆವರಿಸಿತು. ಆದರೆ ಅದೇ ಗುಡ್ಡದಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಮನಸ್ತಾಪ ಹುಟ್ಟಿ, ಕಿರಿದಾದ ಕಾಲುದಾರಿಗಳಲ್ಲಿ ಬಹುಪಾಲು ಸೈಕಲ್ಲಿಗೆ ಮುಚ್ಚಿದವು. ಬೆಂಗಳೂರಿನ ದಕ್ಷಿಣದಲ್ಲಿರುವ ತುರಹಳ್ಳಿ ಕಾಡಿನ ಕಾಲುದಾರಿಗಳಲ್ಲಿ ಸೈಕಲ್ ಹೊಡೆಯುವವರೂ ಬಹಳ. 2021ರಲ್ಲಿ ಆ ಕಾಡನ್ನು ವೃಕ್ಷೋದ್ಯಾನ ಮಾಡಹೊರಟಾಗ ಅದನ್ನು ಕಾಡಾಗಿಯೇ ಬಿಡಿ ಎಂದು ನಾಗರಿಕರು ಬೀದಿಗಿಳಿದಿದ್ದರು. ಚಕ್ರವನ್ನು ಕಾಲಿಗಿಂತ ಪಾಪಿಯೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಳ್ಳೆಯ ದಾರಿಯಲ್ಲಿ ಹದವರಿತು ಹೋಗುವ ಸೈಕಲ್ಲಿನಿಂದ ಅಂಥ ಕೇಡೇನಿಲ್ಲ. ಕೇಡು ಇರುವುದು ಒದ್ದೆ ಮಣ್ಣಿನಲ್ಲಿ, ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಬಿಗಿಹಿಡಿದು ಜಾರುವ ಚಕ್ರದಲ್ಲಿ. ಹೆಜ್ಜೆಗಳ ಗುರುತು ಬಿಡಿಬಿಡಿಯಾದುದು. ಜಾರಿದ ಚಕ್ರದ ಗುರುತು ಅಖಂಡವಾದ ಒಂದು ಗೆರೆ, ನೀರಿಗೆ ಸಿದ್ಧಪಡಿಸಿಟ್ಟ ಕಾಲುವೆ. ಸೈಕಲ್ ದಾರಿ ಕಟ್ಟುವುದನ್ನು ಬಲ್ಲವರು ಒಂದು ಸೂತ್ರ ಹೇಳುತ್ತಾರೆ: ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಅಡ್ಡದಾರಿಯಾದರೋ ಗುಡ್ಡ ಎಷ್ಟು ಕಡಿದೋ ಅಷ್ಟೂ ಕಡಿದು.

ಈಗ ನೀತಿಯ ಪ್ರಶ್ನೆಗೆ ಬರೋಣ. ಅಡ್ಡದಾರಿಯಲ್ಲಿ ಇಳಿಯುವವನನ್ನು ತಡೆದು ಕೇಳಿದರೆ ಅವನು ಕೊಡುವ ಉತ್ತರ ಒಂದೇ: ‘ನಾನೊಬ್ಬ ಇಳಿದರೆ ಏನಾಯಿತು? ದಾರಿ ಆಗಲೇ ಇತ್ತಲ್ಲ!’ ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಅದರಲ್ಲಿ ಸತ್ಯವಿದೆ. ಅವನೊಬ್ಬನ ಹೆಜ್ಜೆಯಿಂದ ಕೊರಕಲಾಗಲಿಲ್ಲ. ಅವನು ಇಳಿಯದೆ ಸುತ್ತು ಹೋಗಿದ್ದರೂ ಕೊರಕಲು ತುಂಬಿಕೊಳ್ಳುತ್ತಿರಲಿಲ್ಲ. ಯಾರ ಹೆಜ್ಜೆಯನ್ನು ಎತ್ತಿ ತೂಗಿದರೂ ತಕ್ಕಡಿ ಅಲುಗದು. ಆದರೂ ಗುಡ್ಡ ಹಾಳಾಗಿದೆ. ಯಾರೂ ಮಾಡದ ಹಾನಿ ಆದದ್ದಾದರೂ ಹೇಗೆ?

ತತ್ವಶಾಸ್ತ್ರಜ್ಞರನ್ನು ಈ ತೊಡಕು ಬಹಳ ಕಾಡಿದೆ. ಡೆರೆಕ್ ಪಾರ್ಫಿಟ್ ಎಂಬ ಆಂಗ್ಲ ಚಿಂತಕರು 1984ರ ತಮ್ಮ ಗ್ರಂಥದಲ್ಲಿ ಒಂದು ಕಲ್ಪಿತ ಪ್ರಸಂಗವನ್ನು ಮುಂದಿಟ್ಟರು. ಸಾವಿರ ಜನ ಹಿಂಸಕರು ಸಾವಿರ ಜನರನ್ನು ಹಿಂಸಿಸುತ್ತಿದ್ದಾರೆ. ಒಬ್ಬೊಬ್ಬ ಹಿಂಸಕನೂ ಒಬ್ಬೊಬ್ಬನಿಗೆ ಕೊಡುವ ನೋವು ಅರಿವಿಗೆ ಬಾರದಷ್ಟು ಅಲ್ಪ. ಎಲ್ಲರದೂ ಸೇರಿದಾಗ ಅದು ಘೋರ. ನಾನು ಯಾರನ್ನೂ ನೋಯಿಸಲಿಲ್ಲ ಎಂದು ಅವರಲ್ಲಿ ಯಾರಾದರೂ ಹೇಳಬಹುದೆ? ಹೇಳಲಾಗದು ಎಂಬುದೇ ಪಾರ್ಫಿಟ್ಟರ ತೀರ್ಮಾನ: ನನ್ನ ಕೆಲಸ ಒಂದೇ ಏನು ಮಾಡಿತು ಎಂದು ಕೇಳುವುದು ಸಾಲದು, ನಾವೆಲ್ಲ ಸೇರಿ ಏನು ಮಾಡಿದೆವು, ಅದರಲ್ಲಿ ನನ್ನ ಪಾಲೇನು ಎಂದು ಕೇಳಬೇಕು. ಹನಿಗೂಡಿದರೆ ಹಳ್ಳ ಎಂದು ನಮ್ಮ ಗಾದೆ ಹೇಳಿದ್ದು ಉಳಿತಾಯದ ಹಿರಿಮೆಯನ್ನು. ಗುಡ್ಡದ ಮೇಲೆ ಮಾತ್ರ ಆ ಗಾದೆ ಅಕ್ಷರಶಃ ನಿಜವಾಗಿ, ಭಯ ಹುಟ್ಟಿಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಮೀಠಿ ನದಿ ಉಕ್ಕಿದಾಗ ನಾವು ಇದನ್ನು ಕಂಡಿದ್ದೇವೆ. ಮಳೆ ಅಸಾಧಾರಣವಾಗಿತ್ತು, ನಿಜ. ಆದರೆ ನದಿಯ ಪಾತ್ರವನ್ನು ವರ್ಷಗಟ್ಟಲೆ ಕಿರಿದುಗೊಳಿಸಿದ್ದ ಕೈಗಳು ಒಂದೆರಡಲ್ಲ. ಒಂದು ಬುಟ್ಟಿ ಕಸ, ಒಂದು ಗಾಡಿ ಮಣ್ಣು, ಒಂದು ಗೋಡೆ. ಒಬ್ಬೊಬ್ಬನದೂ ಅಲ್ಪವೇ.

ಆದರೆ ಪಾಲಿನ ಲೆಕ್ಕವಷ್ಟೇ ಸಾಕು ಎಂದು ನನಗೆ ತೋರುವುದಿಲ್ಲ. ಹೆಜ್ಜೆಗೆ ತೂಕವಿರುವಂತೆ ಮಾತೂ ಇದೆ. ಕಾಡಿನಲ್ಲಿ ದಾರಿ ಹುಡುಕುವವನು ನೋಡುವುದು ಏನನ್ನು? ಹಿಂದೆ ಯಾರೋ ನಡೆದ ಗುರುತನ್ನು. ಮಡಿಚಿಕೊಂಡ ಹುಲ್ಲು, ಸರಿದ ಕಲ್ಲು, ಚಕ್ರದ ಅಚ್ಚು ಇವು ‘ಇಲ್ಲಿ ಹೋಗಬಹುದು’ ಎಂದು ಹೇಳುತ್ತವೆ. ನಾನು ಅಡ್ಡದಾರಿಯಲ್ಲಿ ಇಳಿದಾಗ ಅಲ್ಲೊಂದು ಫಲಕವನ್ನು ನೆಟ್ಟು ಹೋಗುತ್ತೇನೆ. ನನ್ನ ಹಿಂದೆ ಬರುವ ಮಗು ಆ ಫಲಕವನ್ನು ಓದುತ್ತದೆ. ‘ದಾರಿ ಆಗಲೇ ಇತ್ತಲ್ಲ’ ಎಂದು ನಾನು ಹೇಳಿದ್ದು ನನಗಿಂತ ಮುಂಚೆ ಇಳಿದವನ ಫಲಕವನ್ನು ಓದಿಯೇ ತಾನೆ? ಹಾಗಾದರೆ ಆ ಮಾತು ನನ್ನ ಪರವಾದ ಸಾಕ್ಷಿಯಲ್ಲ, ನನ್ನ ವಿರುದ್ಧದ ಸಾಕ್ಷಿ. ಮೊದಲಿಗನು ತೆರೆದನು, ನಾನು ಅದನ್ನು ಮುಚ್ಚಿಹೋಗದಂತೆ ಕಾಪಾಡಿದೆನು.

ಇಲ್ಲಿ ನಮ್ಮ ನಗರದ ಇನ್ನೊಂದು ಅಡ್ಡದಾರಿಯನ್ನು ಹೋಲಿಸಿ ನೋಡಬಹುದು. ಮೇಲ್ಸೇತುವೆ ಹತ್ತುವ ಬೇಸರಕ್ಕೆ ರೈಲು ಹಳಿ ದಾಟುವವರು ಮುಂಬಯಿಯಲ್ಲಿ ಇಂದಿಗೂ ಇದ್ದಾರೆ. ಹೀಗೆ ಹಳಿ ದಾಟುವಾಗ ಸತ್ತವರ ಸಂಖ್ಯೆ 2023ರಲ್ಲೂ 2024ರಲ್ಲೂ ಸಾವಿರವನ್ನು ಮೀರಿತ್ತು. ಅದು ಹೃದಯವಿದ್ರಾವಕ. ಆದರೆ ಆ ಅಡ್ಡದಾರಿ ಬಹುಮಟ್ಟಿಗೆ ಹಿಡಿದವನನ್ನೇ ದಂಡಿಸುತ್ತದೆ. ಆದ್ದರಿಂದ ಭಯವೂ ಇದೆ, ಬುದ್ಧಿ ಹೇಳುವವರೂ ಇದ್ದಾರೆ. ಗುಡ್ಡದ ಅಡ್ಡದಾರಿ ಹಿಡಿದವನಿಗೆ ಏನೂ ಆಗುವುದಿಲ್ಲ. ಅವನು ನಲವತ್ತು ಹೆಜ್ಜೆ ಉಳಿಸಿ, ಕೆಳಗೆ ಬಂದು, ಚಹಾ ಕುಡಿದು ಮನೆಗೆ ಹೋಗುತ್ತಾನೆ. ಅದರ ಬೆಲೆಯನ್ನು ತೆರುವವರು ಬೇರೆ. ಐದು ವರ್ಷದ ಮೇಲೆ ಅದೇ ದಾರಿಯಲ್ಲಿ ಕೋಲೂರಿಕೊಂಡು ಬರುವ ಮುದುಕಿ, ಬೇರು ಬಯಲಾಗಿ ಗಾಳಿಗೆ ಉರುಳುವ ಮರ, ದಾರಿ ದುರಸ್ತಿಗೆ ಬುಟ್ಟಿ ಹೊರುವ ಅರಣ್ಯ ಇಲಾಖೆಯ ಕೂಲಿಯವನು. ಲಾಭ ಇಂದು, ನನಗೆ. ನಷ್ಟ ನಾಳೆ, ಇಲ್ಲಿ ಇಲ್ಲದವರಿಗೆ. ಇಂಥ ವ್ಯವಹಾರದಲ್ಲೇ ಮನುಷ್ಯನ ನೀತಿಯ ನಿಜವಾದ ಪರೀಕ್ಷೆ. ಭಯವಿರುವಲ್ಲಿ ವಿವೇಕ ಸಾಕು. ಭಯವಿಲ್ಲದಲ್ಲಿ ಧರ್ಮ ಬೇಕು.

ಇಷ್ಟು ಹೇಳಿ, ದಾರಿ ಬಿಟ್ಟವರೆಲ್ಲ ತಪ್ಪಿತಸ್ಥರು ಎಂದು ಮುಗಿಸಿಬಿಡುವುದು ಸುಲಭ. ಆದರೆ ಅದು ನ್ಯಾಯವಾಗದು. ಬೋರಿವಲಿ ಮತ್ತು ಯೇವೂರಿನ ಕಾಡಿನಲ್ಲಿ ವಾರಲಿ ಮೊದಲಾದ ಆದಿವಾಸಿಗಳ ಪಾಡಾಗಳಿವೆ. ಕಾಡು ಉದ್ಯಾನವಾಗುವುದಕ್ಕೆ ಬಹಳ ಮುಂಚೆಯೇ ಅಲ್ಲಿ ಅವರ ಕಾಲುದಾರಿಗಳಿದ್ದವು. ಮಾಥೇರಾನಿನ ಒನ್ ಟ್ರೀ ಹಿಲ್ ಕಡೆಯಿಂದ ಇಳಿಯುವ, ‘ಶಿವಾಜಿ ಏಣಿ’ ಎಂದು ಹೆಸರಾದ ಕಡಿದಾದ ಹಾದಿಯಂಥವು ಕೆಳಗಿನ ಹಳ್ಳಿಗಳನ್ನು ಬೆಟ್ಟಕ್ಕೆ ಜೋಡಿಸಿವೆ. ತಲೆಯ ಮೇಲೆ ಹೊರೆ ಹೊತ್ತು ಪೇಟೆಗೆ ಹೋಗುವ ಹೆಂಗಸು ಹತ್ತಿರದ ದಾರಿ ಹಿಡಿದರೆ ಅವಳು ಉಳಿಸುವುದು ತನ್ನ ಬೆನ್ನನ್ನು, ದಿನದ ಕೂಲಿಯನ್ನು. ಆಕೆಯ ದಾರಿಯೂ ಭಾನುವಾರದ ಸೈಕಲ್ಲಿನವನ ದಾರಿಯೂ ಒಂದೇ ಇಳಿಜಾರಿನಲ್ಲಿದ್ದರೂ ಒಂದೇ ದಾರಿಯಲ್ಲ. ಆಕೆಯದು ಒಳದಾರಿ, ತಲೆಮಾರುಗಳು ನಡೆದು, ಕಲ್ಲು ಜೋಡಿಸಿ, ಜಾರುವಲ್ಲಿ ಮೆಟ್ಟಿಲು ಕಡಿದು ಪಳಗಿಸಿದ ದಾರಿ. ‘ಅನಧಿಕೃತ’ ಎಂಬ ಒಂದೇ ಮುದ್ರೆಯನ್ನು ಇಬ್ಬರ ಮೇಲೂ ಒತ್ತುವ ಕಾನೂನು ಕುರುಡಾಗುತ್ತದೆ.

ಎರಡನೆಯ ಆಕ್ಷೇಪವೂ ಬಲವಾದುದೇ. ಜನ ದಾರಿ ಬಿಡುವುದು ಎಷ್ಟೋ ಸಲ ದಾರಿಯೇ ಅವರನ್ನು ಬಿಟ್ಟುದರಿಂದ. ಕೆಸರು ನಿಂತ, ಕಲ್ಲು ಎದ್ದ, ಗುರುತೇ ಇಲ್ಲದ ದಾರಿಯಲ್ಲಿ ನಡೆ ಎಂದು ಯಾರಿಗೆ ಹೇಳುವುದು? ದಾರಿಯನ್ನು ಸುಸ್ಥಿತಿಯಲ್ಲಿಡದೆ ದಂಡದ ಫಲಕವನ್ನು ಮಾತ್ರ ಸುಸ್ಥಿತಿಯಲ್ಲಿಡುವ ಆಡಳಿತಕ್ಕೆ ಉಪದೇಶದ ಅಧಿಕಾರ ಕಡಿಮೆ. ದಾರಿ ಕಾಯುವುದು ಸುಲಭದ ಕೆಲಸವಲ್ಲ ಎಂಬುದೂ ನಿಜ. ಮೋಟಾರು ವಾಹನಗಳನ್ನು ದಸ್ತೂರಿ ನಾಕಾದಲ್ಲೇ ನಿಲ್ಲಿಸಿ, 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿತವಾದ ಮಾಥೇರಾನಿನಲ್ಲೇ ನೋಡಿ. ಅಲ್ಲಿಯ ಕೆಂಪು ಮಣ್ಣು ಕುದುರೆಗಳ ಗೊರಸಿಗೂ ಜನರ ಕಾಲಿಗೂ ಸಡಿಲಗೊಂಡು ಮಳೆಗೆ ಹರಿದುಹೋಗುತ್ತದೆ. ಅದನ್ನು ತಡೆಯಲು ದಾರಿಗೆ ಹಾಸುಬಿಲ್ಲೆ ಹಾಕಬೇಕೆಂದು ಕೆಲವರು, ಹಾಕಿದರೆ ಬೆಟ್ಟದ ಗುಣವೇ ಕೆಡುತ್ತದೆ, ಕುದುರೆಗಳು ಜಾರುತ್ತವೆ ಎಂದು ಕೆಲವರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ ದಸ್ತೂರಿ ನಾಕಾದಿಂದ ಶಿವಾಜಿ ಪ್ರತಿಮೆಯವರೆಗಿನ ಮುಖ್ಯ ದಾರಿಗೆ ಹಾಸನ್ನು ಒಪ್ಪಿ, ಒಳಗಿನ ಕಾಲುದಾರಿಗಳಿಗೆ ಅದು ಬೇಡ ಎಂದಿತು. ಒಂದು ಕಾಲುದಾರಿಯ ಮಣ್ಣಿನ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಪೀಠದ ಮುಂದೆ ನಿಲ್ಲಬೇಕಾಯಿತೆಂದರೆ, ಅದು ಅಲ್ಪ ವಿಷಯವಲ್ಲ.

ಈ ಎರಡೂ ಆಕ್ಷೇಪಗಳಿಗೆ ನಮ್ಮ ಕರಾವಳಿಯ ಊರುಗಳಲ್ಲಿ ಒಂದು ಹಳೆಯ ಪರಿಹಾರವಿತ್ತು. ಅದರ ಹೆಸರು ತಡಮೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಶಬ್ದ ಗೊತ್ತಿರಲಾರದು. ತೋಟದ ಬೇಲಿಯಲ್ಲಿ ಮನುಷ್ಯರು ಹತ್ತಿ ದಾಟುವಂತೆ, ದನಕರುಗಳು ದಾಟದಂತೆ ಮರದಿಂದಲೋ ಕಲ್ಲಿನಿಂದಲೋ ಮಾಡಿದ ಮೆಟ್ಟಿಲೇ ತಡಮೆ. ಬೇಲಿಯ ಯಜಮಾನ ಏನು ಕಂಡನು? ಜನರಿಗೆ ಆ ಕಡೆಯಿಂದ ದಾಟುವ ಅಗತ್ಯವಿದೆ. ಬೇಲಿ ಬಿಗಿಮಾಡಿದರೆ ಮುರಿದು ನುಗ್ಗುತ್ತಾರೆ. ಮುರಿದ ಜಾಗದಲ್ಲಿ ದನವೂ ನುಗ್ಗುತ್ತದೆ. ಆದ್ದರಿಂದ ಅವನೇ ದಾಟುವ ಜಾಗವನ್ನು ಗೊತ್ತುಮಾಡಿ ತಡಮೆ ಹಾಕಿಸಿದನು. ದಾಟುವವರೂ ಅಲ್ಲಿಯೇ ದಾಟಿದರು, ಬೇರೆ ಕಡೆ ಬೇಲಿಗೆ ಕೈಹಚ್ಚಲಿಲ್ಲ. ಹತ್ತಿರದ ದಾರಿ ಅದು, ಆದರೆ ಹಾಡಹಗಲಿನ ದಾರಿ. ಒಳದಾರಿಗೂ ಅಡ್ಡದಾರಿಗೂ ಇರುವ ವ್ಯತ್ಯಾಸ ನನಗೆ ತೋರುವುದು ಇಲ್ಲಿಯೇ. ಒಳದಾರಿ ಹತ್ತು ಜನ ಕೂಡಿ ಒಪ್ಪಿದ್ದು, ಅದನ್ನು ಯಾರೋ ನೋಡಿಕೊಳ್ಳುತ್ತಾರೆ. ಅಡ್ಡದಾರಿ ಹತ್ತು ಜನರ ವಸ್ತುವಿನ ಮೇಲೆ ಒಬ್ಬನು ತಾನೇ ಮಾಡಿದ ತೀರ್ಮಾನ, ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ತಪ್ಪಿರುವುದು ಹತ್ತಿರವಾದುದರಲ್ಲಿ ಅಲ್ಲ; ಎಲ್ಲರ ಪರವಾಗಿ ಒಬ್ಬನೇ ತೀರ್ಮಾನಿಸಿ, ಅದರ ಸಾಲವನ್ನು ಎಲ್ಲರ ಮೇಲೆ ಬರೆದು ಹೋಗುವುದರಲ್ಲಿ.

ಹಾಗೆ ಹತ್ತು ಜನ ಕೂಡಿ ಒಪ್ಪುವುದು ಸಾಧ್ಯವೆ ಎಂದು ಕೇಳುವವರಿದ್ದಾರೆ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ, ಎಲ್ಲರಿಗೂ ಸೇರಿದ ಗೋಮಾಳದಂಥ ಸ್ವತ್ತು ಹಾಳಾಗುವುದೇ ಅದರ ಹಣೆಬರಹ ಎಂಬರ್ಥದ ವಾದವನ್ನು ಮಂಡಿಸಿ ಪ್ರಸಿದ್ಧರಾದರು. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ 1990ರ ತಮ್ಮ ಪುಸ್ತಕದಲ್ಲಿ, ಬಳಸುವವರೇ ಕೂಡಿ ನಿಯಮ ಮಾಡಿಕೊಂಡು ಕಾಡು, ಹುಲ್ಲುಗಾವಲು, ನೀರನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡ ಉದಾಹರಣೆಗಳನ್ನು ತೋರಿಸಿದರು; 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಮೊದಲ ಮಹಿಳೆ ಅವರು. ನಮಗೆ ಇದು ಹೊಸತೇನಲ್ಲ. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಬಿಟ್ಟ ಸೊಪ್ಪಿನ ಬೆಟ್ಟಗಳನ್ನು ಕಂಡವರಿಗೆ ಗೊತ್ತು. ಹದವರಿತು ಸೊಪ್ಪು ಕಡಿದ ಕಡೆ ಬೆಟ್ಟ ಹಸಿರಾಗಿದೆ, ಹದ ತಪ್ಪಿದ ಕಡೆ ಬೋಳಾಗಿದೆ. ಹಕ್ಕು ಎರಡೂ ಕಡೆ ಒಂದೇ.

ಹದ ತಪ್ಪಿದಾಗ ಏನಾಗುತ್ತದೆ ಎಂಬುದನ್ನು 2024ರ ಜನವರಿಯಲ್ಲಿ ನಮ್ಮ ನಾಡೇ ಕಂಡಿತು. ಕುಕ್ಕೆ ಸುಬ್ರಹ್ಮಣ್ಯದ ಬೆನ್ನಿಗಿರುವ ಕುಮಾರ ಪರ್ವತಕ್ಕೆ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಮುಗಿಬಿದ್ದರು. ಕರ್ನಾಟಕ ಸರ್ಕಾರ ಅರಣ್ಯ ಪ್ರದೇಶದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮುಂಗಡವಾಗಿ ಹೆಸರು ನೋಂದಾಯಿಸುವ ವ್ಯವಸ್ಥೆ ತರಬೇಕಾಯಿತು. ತಮ್ಮಷ್ಟಕ್ಕೆ ತಾವು ಒಪ್ಪಿಕೊಳ್ಳದ ಮಿತಿಯನ್ನು ಸರ್ಕಾರ ವಿಧಿಸುತ್ತದೆ. ಆಗ ನಷ್ಟ, ದಾರಿ ಬಿಡದೆ ನಡೆದವನಿಗೂ ಉಂಟು. ಬಾಗಿಲು ಮುಚ್ಚಿದಾಗ ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ಅದು ಕೇಳುವುದಿಲ್ಲ.

ಕನ್ಹೇರಿಗೆ ಹೋದಾಗ ಗುಹೆಗಳನ್ನು ನೋಡುವಂತೆ ಅಲ್ಲಿಯ ದಾರಿಯನ್ನೂ ನೋಡಬೇಕೆಂದು ನಾನು ಓದುಗರನ್ನು ಕೋರುತ್ತೇನೆ. ನೂರಕ್ಕೂ ಹೆಚ್ಚಿನ ಗುಹೆಗಳನ್ನು ಜೋಡಿಸುವ ಮೆಟ್ಟಿಲುಗಳನ್ನು ಕರಿಬಂಡೆಯಲ್ಲೇ ಕಡಿದಿದ್ದಾರೆ. ಮಳೆಯ ನೀರು ದಾರಿಯನ್ನು ಕೆಡಿಸದೆ ತೊಟ್ಟಿಗಳಿಗೆ ಸೇರುವಂತೆ ಕಾಲುವೆಗಳನ್ನು ಕೊರೆದಿದ್ದಾರೆ. ಸುಮಾರು ಎರಡು ಸಾವಿರ ವರ್ಷಗಳ ಮಳೆಗಾಲಗಳನ್ನು ಕಂಡ ವ್ಯವಸ್ಥೆ ಅದು. ನಮಗೆ ಇನ್ನೊಂದು ನಂಟೂ ಇದೆ. ಅಲ್ಲಿಯ 9ನೆಯ ಶತಮಾನದ ಶಾಸನಗಳಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಒಡೆಯನಾಗಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಯಾವ ಅರಸನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೋ ಅದೇ ನೃಪತುಂಗ. ಆ ಕಾಲದ ದತ್ತಿಗಳಲ್ಲಿ ಪೂಜೆಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಎಂದು ಹಣ ಇಟ್ಟಂತೆ ವಿಹಾರದ ದುರಸ್ತಿಗೂ ಹಣ ಇಟ್ಟಿದ್ದಾರೆ. ಕಟ್ಟುವುದಕ್ಕೆ ದಾನ ಕೊಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ಕಟ್ಟಿದ ಮೇಲೆ ಹೆಸರು ಉಳಿಯುತ್ತದೆ. ದುರಸ್ತಿಗೆ ದಾನ ಕೊಡುವವನಿಗೆ ಮಾತ್ರ ಇದು ಎಲ್ಲರ ವಸ್ತು, ನನ್ನ ನಂತರವೂ ಇರಬೇಕಾದ ವಸ್ತು ಎಂಬ ಅರಿವು ಇರಬೇಕಾಗುತ್ತದೆ.

ನಾವು ಈ ನಗರಕ್ಕೆ ಬಂದವರು. ನಮ್ಮಲ್ಲಿ ಅನೇಕರ ಅಜ್ಜಂದಿರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಆ ರಾತ್ರಿ ಶಾಲೆಗಳನ್ನು ಅವರಿಗಿಂತ ಮೊದಲು ಬಂದವರು ಕಟ್ಟಿ, ಚಂದಾ ಎತ್ತಿ ನಡೆಸಿದ್ದರಿಂದಲೇ ಅದು ಸಾಧ್ಯವಾಯಿತು. ಹಿಂದಿನವರು ಹಾಕಿದ ದಾರಿಯ ಬೆಲೆ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನಮ್ಮ ಮನಸ್ಸಿನ ಮೂಲೆಯಲ್ಲಿ ಒಂದು ಎಣಿಕೆ ಉಂಟು. ಊರಿನ ಗುಡ್ಡ ನಮ್ಮದು, ಇಲ್ಲಿಯದು ವಿಹಾರದ ಜಾಗ. ಊರಿನಲ್ಲಿ ನೆರೆಯವನ ಗದ್ದೆಯ ಹುಣಿಯ ಮೇಲೆ ಎಚ್ಚರದಿಂದ ಕಾಲಿಡುತ್ತಿದ್ದವರೂ ಇಲ್ಲಿ ಆ ಎಚ್ಚರವನ್ನು ಗೇಟಿನ ಹೊರಗೆ ಬಿಟ್ಟು ಬರುತ್ತಾರೆ. ಗುಡ್ಡದ ದೃಷ್ಟಿಯಿಂದ ನೋಡಿದರೆ ಈ ಭೇದಕ್ಕೆ ಆಧಾರವಿಲ್ಲ. ಮಾಥೇರಾನಿನ ಆಚೆ ಕಾಣುವ ಸಹ್ಯಾದ್ರಿಯ ಸಾಲೇ ತೆಂಕಣಕ್ಕೆ ಸಾಗಿ ಆಗುಂಬೆಯಾಗುತ್ತದೆ, ಕೊಡಚಾದ್ರಿಯಾಗುತ್ತದೆ, ಕುಮಾರ ಪರ್ವತವಾಗುತ್ತದೆ.

ಆದ್ದರಿಂದ ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ನಮ್ಮ ಸಂಘಗಳ ವಾರ್ಷಿಕ ವಿಹಾರಕೂಟ ಗುಡ್ಡಕ್ಕೆ ಹೋದಾಗ ತಿರುವನ್ನು ತಿರುಗಿಯೇ ಹೋಗುವುದು. ಮಕ್ಕಳು ಅಡ್ಡ ಹಾರಿದರೆ ಗದರುವ ಬದಲು ಕೊರಕಲನ್ನು ತೋರಿಸಿ, ಇದು ಹೇಗಾಯಿತು ಹೇಳು ಎಂದು ಕೇಳುವುದು. ಮಳೆ ಬಿಟ್ಟ ಮರುದಿನ ಒದ್ದೆ ಮಣ್ಣಿನ ಮೇಲೆ ಸೈಕಲ್ ಇಳಿಸದಿರುವುದು. ದಾರಿ ಕೆಟ್ಟಿದ್ದರೆ ಪಕ್ಕದಲ್ಲಿ ಹೊಸ ದಾರಿ ತುಳಿಯದೆ ಉದ್ಯಾನದ ಕಚೇರಿಗೆ ಎರಡು ಸಾಲು ಬರೆಯುವುದು. ಅವರು ಒಪ್ಪಿದರೆ ವರ್ಷಕ್ಕೊಂದು ದಿನ ಅವರ ಮಾರ್ಗದರ್ಶನದಲ್ಲಿ ಶ್ರಮದಾನಕ್ಕೆ ಹೋಗಿ, ಅಡ್ಡದಾರಿಯ ಬಾಯಿಗೆ ಒಣಗಿದ ಕೊಂಬೆ ಕಲ್ಲುಗಳನ್ನು ಒಟ್ಟಿ, ನೀರಿಗೆ ಅಡ್ಡ ಕಟ್ಟಿ ಬರುವುದು. ತುಳಿಯುವುದು ನಿಂತ ಗೀರಿನಲ್ಲಿ ಹುಲ್ಲು ತಾನಾಗಿ ಹಬ್ಬತೊಡಗುತ್ತದೆ. ಕೊರಕಲು ಆಳವಾಗಿಲ್ಲದಿದ್ದರೆ ಕೆಲವು ಮಳೆಗಾಲಗಳಲ್ಲಿ ಅದು ಮುಚ್ಚಲೂಬಹುದು. ಆಳವಾಗಿದ್ದರೆ ಮುಚ್ಚದು. ಯಾವುದು ಯಾವ ಹಂತದಲ್ಲಿದೆ ಎಂಬುದು ಮೇಲಿನ ತಿರುವಿನಲ್ಲಿ ನಿಂತವನಿಗೆ ಕಾಣುವುದಿಲ್ಲ. ಆದ್ದರಿಂದ ಸುತ್ತು ಹೋಗುವುದೇ ಲೇಸು.